ಅತ್ತಿಗೆಯ ಶನಿವಾರದ ಕಳ್ಳರು

ಕಾತ್ಯಾಯನಿ ನಮ್ಮ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ನನ್ನನ್ನು ಕಳ್ಳಿ ಎಂದು ಸಾಬೀತು ಮಾಡಿದಳು. ಬೀಗರಿಗೆಂದು ಅಮ್ಮ ಎತ್ತಿಟ್ಟಿದ್ದ ಉಪ್ಪಿನಕಾಯಿ ಭರಣಿ ಅರ್ಧಕ್ಕೆ ಇಳಿದಿತ್ತು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಈ ಹೊಸ ಹುಡುಗಿ, ಇನ್ನೂ ಮದರಂಗಿ ಮಾಸದ ಕೈಯಲ್ಲಿ ಭರಣಿಯನ್ನೆತ್ತಿ ಬೆಳಕಿಗೆ ಹಿಡಿದಳು. ಕತ್ತಿನ ಸುತ್ತ ಇದ್ದ ಎಣ್ಣೆಯ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿ, "ಬಲಗೈಲಿ ಭರಣಿ ಹಿಡ್ಕೊಂಡು ಎಡಗೈಲಿ ಮುಚ್ಚಳ ತೆಗೆದಿದ್ದಾರೆ" ಎಂದಳು. ನಮ್ಮಲ್ಲಿ ಎಡಚಿ ನಾನೊಬ್ಬಳೇ. ಅವತ್ತೇ ಅವಳ ಮೇಲೆ ಸಿಟ್ಟು ಬಂತು, ಅವತ್ತೇ ಅವಳು ಇಷ್ಟವೂ ಆದಳು.

ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅಣ್ಣ ರಾಮಚಂದ್ರನ ಹೆಂಡತಿಯಾದ್ದರಿಂದ ಅತ್ತಿಗೆ. ಅವಳು ನನ್ನನ್ನು ಸುಜಯಕ್ಕ ಎನ್ನುತ್ತಾಳೆ. ನನ್ನನ್ನು ಕೊಟ್ಟಿದ್ದು ಎದುರುಗಲ್ಲಿಗೇ ಆದ್ದರಿಂದ ನಾನು ತವರು ಬಿಟ್ಟೆ ಅಂತ ಯಾರಿಗೂ ಅನಿಸಿಲ್ಲ, ತವರಿಗಂತೂ ಅನಿಸಿಯೇ ಇಲ್ಲ. ಗಂಗೆಯ ದಂಡೆಯ ಹನುಮಾನ್ ಘಾಟಿನ ಈ ಮನೆಯಲ್ಲಿ ಅಪ್ಪ ಶೇಷಗಿರಿ ಶಾಸ್ತ್ರಿಗಳು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುತ್ತಾರೆ. ಅಣ್ಣ ಅವರ ಜೊತೆ ಮಂತ್ರಕ್ಕೆ ಕೂರುತ್ತಾನೆ. ಯಾತ್ರಿಕರು ಇಳಿದುಕೊಳ್ಳುವ ಕೋಣೆಗಳ ಉಸ್ತುವಾರಿ ನನ್ನದು. ಹೊದಿಕೆ ಒಗೆಸುವುದು, ಮಂಗ ಓಡಿಸುವುದು, ಬಿಸಿನೀರಿಗೆ ಜಗಳಾಡುವವರನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಸಮಾಧಾನ ಮಾಡುವುದರಲ್ಲಿ ನನಗೆ ಅಷ್ಟು ಒಳ್ಳೆಯ ಹೆಸರಿಲ್ಲ.

ಅತ್ತಿಗೆ ಹುಟ್ಟಿ ಬೆಳೆದದ್ದು ಇದೇ ಊರಿನ ಬಂಗಾಲಿ ಟೋಲಾ ಎಂಬ ಕೇರಿಯಲ್ಲಿ. ಅವಳ ತಂದೆಯದೂ ಯಾತ್ರಿಕರ ವಸತಿಯೇ. ಒಮ್ಮೆ ಅಲ್ಲಿ ಯಾರದೋ ಟ್ರಂಕಿನ ಬೀಗ ಒಡೆದು ಪೊಲೀಸರು ಬಂದಿದ್ದರಂತೆ. ಅವರಲ್ಲೊಬ್ಬ ಮೆತ್ತನೆಯ ಕುಂಚದಿಂದ ಟ್ರಂಕಿನ ಮೇಲೆ ಕಪ್ಪು ಪುಡಿ ಸವರಿದ್ದೇ ತಡ, ಏನೂ ಇಲ್ಲದ ಕಡೆ ಒಂದು ಹೆಬ್ಬೆರಳು ಎದ್ದು ಬಂತಂತೆ. ಆರನೇ ತರಗತಿಯ ಹುಡುಗಿ ಅದನ್ನು ನೋಡಿ ಊಟ ಬಿಟ್ಟು ಕೂತಳಂತೆ. ಬಿ.ಎಸ್ಸಿ. ಮುಗಿಸಿ ಫೊರೆನ್ಸಿಕ್ ವಿಜ್ಞಾನ ಓದಬೇಕೆಂದು ಅವಳಿಗೆ ಬಹಳ ಆಸೆಯಿತ್ತು, ಸೀಟೂ ಸಿಕ್ಕಿತ್ತು. ಅಷ್ಟರಲ್ಲಿ ನಮ್ಮ ಮನೆಯ ಸಂಬಂಧ ಕುದುರಿತು. ರಕ್ತದ ಕಲೆ, ಹೆಣದ ಉಗುರು ಎಂದೆಲ್ಲ ಓದುವ ಸೊಸೆಯನ್ನು ಶಾಸ್ತ್ರಿಗಳ ಮನೆ ಒಪ್ಪುತ್ತದೆಯೇ ಎಂದು ಅವರ ಕಡೆಯವರೇ ಊಹಿಸಿಕೊಂಡರು. ನಮ್ಮನ್ನು ಒಂದು ಮಾತು ಕೇಳಲೂ ಇಲ್ಲ. ಪಕ್ಕದ ಹರಿಶ್ಚಂದ್ರ ಘಾಟಿನ ಚಿತೆಯ ಹೊಗೆ ದಿನಾ ನಮ್ಮ ಮಹಡಿಗೆ ಬಂದು, ಒಣಹಾಕಿದ ಹಪ್ಪಳದ ಮೇಲೆ ಕೂತು ಹೋಗುತ್ತದೆ. ಹೆಣದ ವಿಷಯದಲ್ಲಿ ನಮಗಿಂತ ಸಲಿಗೆಯವರು ಬೇರೆ ಯಾರಿದ್ದಾರೆ? ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವಳು ಮಾತ್ರ ಉರಿದುಕೊಳ್ಳಲಿಲ್ಲ. ಬಿ.ಎಡ್. ಮಾಡಿ ನಮ್ಮ ಗಲ್ಲಿಯಾಚೆಯ ಒಂದು ಚಿಕ್ಕ ಶಾಲೆಗೆ ವಿಜ್ಞಾನದ ಮೇಡಂ ಆದಳು. ಎಂಟನೇ ತರಗತಿಯ ಮಕ್ಕಳು ಪಾಠದ ಹೊತ್ತಿನಲ್ಲಿ ಕಿಟಕಿಯಾಚೆಯ ಗಾಳಿಪಟ ಎಣಿಸುತ್ತಾರೆಂದು ಗೊತ್ತಾದಾಗ, ಶನಿವಾರ ಕೊನೆಯ ಎರಡು ಪೀರಿಯಡ್ಡುಗಳನ್ನು ಬೇಡಿ ತೆಗೆದುಕೊಂಡಳು. ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಹಾಳಾಯಿತು.

ಪ್ರತಿ ಶನಿವಾರ ಒಂದು ಅಪರಾಧ. ಅತ್ತಿಗೆಯೇ ಅಪರಾಧ ಹೊಂದಿಸುತ್ತಾಳೆ, ಮಕ್ಕಳು ಕಂಡುಹಿಡಿಯಬೇಕು. ಕುಂಚಕ್ಕೆ ನನ್ನ ಮಗಳ ಮೇಕಪ್ ಬ್ರಷ್ ಹೋಯಿತು. ಕಪ್ಪು ಪುಡಿಗೆ ದೇವರ ದೀಪದ ಮಸಿ, ಬಿಳಿ ಪುಡಿಗೆ ನನ್ನ ಮುಖದ ಪೌಡರು. ಸೀಮೆಸುಣ್ಣವನ್ನು ನೀರಲ್ಲಿ ನಿಲ್ಲಿಸಿ ಒಂದೊಂದು ಪೆನ್ನಿನ ಶಾಯಿಯಿಂದ ಒಂದೊಂದು ಬಣ್ಣ ಬೇರ್ಪಡಿಸಿ, ಬೆದರಿಕೆ ಚೀಟಿ ಯಾರ ಪೆನ್ನಿನದು ಎಂದು ಹೇಳುತ್ತಿದ್ದರು. ಮಳೆಗಾಲದ ಪ್ರವಾಹ ಇಳಿದು ಘಾಟಿನ ಮೆಟ್ಟಿಲ ಮೇಲೆ ಕೆಸರು ಉಳಿದಾಗ ಇವರಿಗೆ ಹಬ್ಬ. ಪ್ಲಾಸ್ಟರ್ ಕಲಸಿ ಹೆಜ್ಜೆಗಳ ಅಚ್ಚು ತೆಗೆದು, ಎಮ್ಮೆ, ನಾಯಿ, ಹವಾಯಿ ಚಪ್ಪಲಿ, ಪಾದುಕೆ ತೊಟ್ಟ ಸ್ವಾಮಿಗಳು ಎಂದು ನಮ್ಮ ಜಗುಲಿಯುದ್ದಕ್ಕೂ ಜೋಡಿಸುತ್ತಿದ್ದರು. ಒಬ್ಬ ಯಾತ್ರಿಕರು ಅದನ್ನು ಯಾವುದೋ ದೇವರ ಪಾದವೆಂದು ತಿಳಿದು ಹೂವಿಟ್ಟು ನಮಸ್ಕಾರ ಮಾಡಿದರು. ಅವರು ನಮಸ್ಕರಿಸಿದ್ದು ಎಮ್ಮೆಗೆ, ನಾನು ಹೇಳಲು ಹೋಗಲಿಲ್ಲ.

ಒಂದು ಸಲ ನಮ್ಮ ಅಡುಗೆಮನೆಯ ಬೆಲ್ಲ ನಿಜವಾಗಿಯೇ ಕಾಣೆಯಾಯಿತು. ಮಕ್ಕಳು ಓಡಿ ಬಂದರು. ಸ್ಟೀಲ್ ಡಬ್ಬಿಯ ಮೇಲೆ ಮಸಿ ಸವರಿದಾಗ ಪುಟ್ಟದೊಂದು ಅಂಗೈ ಮೂಡಿತು. ಪಕ್ಕದ ಮನೆಯ ಪಾಪುವಿನದೆಂದು ನಾನು ಕೂಗಾಡಿ, ಅವರ ಬಾಗಿಲವರೆಗೂ ಹೋಗಿದ್ದೆ. ಗುಂಜಾ ಎಂಬ ಹುಡುಗಿ ಭೂತಗನ್ನಡಿಯಲ್ಲಿ ನೋಡಿ, "ಹೆಬ್ಬೆರಳು ಇಷ್ಟು ಚಿಕ್ಕದು, ಇಷ್ಟು ಕೆಳಗೆ. ಇದು ಮಂಗದ್ದು, ಬುವಾಜೀ" ಎಂದಳು. ಈ ಮಕ್ಕಳಿಗೆಲ್ಲ ನಾನು ಬುವಾಜೀ, ಅಂದರೆ ಸೋದರತ್ತೆ. ಅವರ ಬಾಗಿಲಿಂದ ನಾನು ಉಪ್ಪು ಸಾಲ ಕೇಳಿಕೊಂಡು ವಾಪಸ್ಸಾದೆ.

ಈ ಗುಂಜಾಳ ಬಗ್ಗೆ ಎರಡು ಮಾತು ಹೇಳಬೇಕು. ಅವಳ ಅಪ್ಪ ದೋಣಿಯವನು. ನಮ್ಮ ಅಪ್ಪ ಯಾತ್ರಿಕರನ್ನು ಕರೆದುಕೊಂಡು ಹೋಗುವುದು ಅವನ ದೋಣಿಯಲ್ಲೇ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಬೇರೆ ಮಕ್ಕಳು "ಸಿಕ್ಕಿದ, ಸಿಕ್ಕಿದ" ಎಂದು ಕುಣಿಯುತ್ತಿದ್ದರೆ ಇವಳು ಇನ್ನೊಮ್ಮೆ ಬಗ್ಗಿ ನೋಡುತ್ತಿರುತ್ತಾಳೆ, ಮೂಗಿನ ಹತ್ತಿರ ತಂದು ವಾಸನೆ ನೋಡುತ್ತಾಳೆ. ಅತ್ತಿಗೆಗೆ ಅವಳೆಂದರೆ ಪ್ರಾಣ. "ಸುಜಯಕ್ಕ, ಈ ಹುಡುಗಿ ಓದ್ತಾಳೆ. ನನಗೆ ಸಿಗದೆ ಹೋಗಿದ್ದನ್ನ ಓದ್ತಾಳೆ, ನೋಡ್ತಿರಿ" ಎಂದು ಒಮ್ಮೆ ಅಕ್ಕಿ ಆರಿಸುತ್ತಾ ಹೇಳಿದ್ದಳು. ಹೇಳಿ ಮತ್ತೆ ಮೊರದಲ್ಲಿ ಕಲ್ಲು ಹುಡುಕತೊಡಗಿದಳು.

ಇಷ್ಟೆಲ್ಲ ನಡೆಯುತ್ತಿದ್ದಾಗ ತರಗತಿಗೆ ಕುತ್ತು ಬಂದದ್ದು ಬರ್ಫಿಯಿಂದ. ಒಬ್ಬ ಸೀರೆ ವ್ಯಾಪಾರಿಯ ಮಗ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಪೌಡರು ಹಾಕಿ, ರಾತ್ರೋರಾತ್ರಿ ಬರ್ಫಿ ಖಾಲಿ ಮಾಡುವವರು ಯಾರೆಂದು ಪತ್ತೆ ಹಚ್ಚಿಬಿಟ್ಟ. ಹಚ್ಚಿದ್ದಷ್ಟೇ ಅಲ್ಲ, ಊಟದ ಹೊತ್ತಿಗೆ ಎಲ್ಲರೆದುರು ಘೋಷಿಸಿದ. ಕಳ್ಳ ಅವನ ಅಪ್ಪನೇ. ಆತನಿಗೆ ಸಕ್ಕರೆ ಕಾಯಿಲೆ. ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಂಡ ಆ ಮನುಷ್ಯ ಬೆಳಗಾಗುತ್ತಲೇ ಶಾಲೆಗೆ ಬಂದು, ನೀವು ಮಕ್ಕಳಿಗೆ ವಿದ್ಯೆ ಕಲಿಸುತ್ತಿಲ್ಲ, ಕಳ್ಳತನ ಕಲಿಸುತ್ತಿದ್ದೀರಿ ಎಂದು ರಂಪ ಮಾಡಿದ.

ಶಾಲೆಯ ಮ್ಯಾನೇಜರ್ ಗುರುಪ್ರಕಾಶರು ಕೆಟ್ಟವರಲ್ಲ, ಹೆದರುವವರು. ಅತ್ತಿಗೆಯನ್ನು ಕರೆದು ಹೇಳಿದರಂತೆ: "ಪೋಷಕರ ಎದುರು ಒಂದು ಸಲ ಮಾಡಿ ತೋರಿಸಿ. ಕಳ್ಳ ಯಾರೆಂದು ನಿಮಗೂ ಗೊತ್ತಿರಬಾರದು. ಮಕ್ಕಳು ಒಂದೇ ಹೆಸರು ಹೇಳಬೇಕು. ಸರಿಯಾದರೆ ತರಗತಿ ನಡೆಯಲಿ. ತಪ್ಪಾದರೆ ಮುಂದಿನ ಶನಿವಾರದಿಂದ ಆ ಹೊತ್ತಿನಲ್ಲಿ ಗಣಿತ."

ಮನೆಗೆ ಬಂದ ಅತ್ತಿಗೆ ಚಹಾ ಮುಟ್ಟಲಿಲ್ಲ. ಅಣ್ಣ ಏನೇನೋ ತಮಾಷೆ ಮಾಡಿ ನೋಡಿದ, ನಗಲಿಲ್ಲ. ಅಪ್ಪ ಸಂಧ್ಯಾವಂದನೆ ಮುಗಿಸಿ ಬಂದವರು ಎಲ್ಲವನ್ನೂ ಕೇಳಿಸಿಕೊಂಡು, "ಎಲ್ಲಿ ಮಾಡ್ತೀಯಮ್ಮ?" ಎಂದರು.

"ಶಾಲೇಲಿ ಜಾಗ ಸಾಲಲ್ಲ ಮಾವ."

"ನಮ್ಮ ಅಂಗಳ ಇದೆಯಲ್ಲ. ಕಳ್ಳರು ಬೇಕಾದ್ರೆ ನಾನೂ ಒಬ್ಬ ಇದೀನಿ."

ನಾನು ನಕ್ಕೆ. ಅಪ್ಪ ನಗಲಿಲ್ಲ. ಸೊಸೆ ಬಾಡಿದ ಮುಖ ಮಾಡಿಕೊಂಡು ಕೂತರೆ ಅವರಿಗೆ ತಡೆಯುವುದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರ ವಂಶದಲ್ಲೇ ಇಲ್ಲ.

ಹೀಗೆ ನಾಲ್ವರು ಶಂಕಿತರಾದೆವು. ಅಪ್ಪ, ಅಣ್ಣ, ನಾನು ಮತ್ತು ನಮ್ಮ ಅಡುಗೆಯ ಅರ್ಜುನ. ಅರ್ಜುನ ಗಾಜೀಪುರದ ಕಡೆಯವನು, ಬಿಸಿಬೇಳೆಬಾತ್ ಮಾಡಲು ಕಲಿತಿದ್ದಾನೆ, ಕನ್ನಡ ಬೈಗುಳಗಳನ್ನು ಅದಕ್ಕಿಂತ ಚೆನ್ನಾಗಿ ಕಲಿತಿದ್ದಾನೆ. ಪ್ರದರ್ಶನದ ಹಿಂದಿನ ಸಂಜೆಯೇ ಗುರುಪ್ರಕಾಶರು ನಾಲ್ಕು ಚೀಟಿ ಮಡಿಸಿ ತಂದರು. ಒಂದರಲ್ಲಿ ಮಾತ್ರ ಕಳ್ಳ ಎಂದಿತ್ತು, ಅದು ಯಾರ ಕೈಗೆ ಹೋಯಿತೆಂದು ಅವರಿಗೂ ಗೊತ್ತಿಲ್ಲ. ನನ್ನ ಚೀಟಿ ಖಾಲಿ. ನನಗೆ ಬೇಜಾರಾಯಿತು.

ಆಟದ ನಿಯಮ ಸುಲಭದ್ದು. ಅಂಗಳದ ಪಕ್ಕದ ಕೋಣೆಯಲ್ಲಿ, ಪೂಜೆಯ ಪಾತ್ರೆಗಳನ್ನು ಇಡುವಲ್ಲಿ, ಒಂದು ಹಿತ್ತಾಳೆ ಡಬ್ಬಿ. ಅದರೊಳಗೆ ಅಪ್ಪನ ಬೆಳ್ಳಿಯ ಉದ್ಧರಣೆ, ಅಂದರೆ ತೀರ್ಥ ಕೊಡುವ ಪುಟ್ಟ ಸೌಟು. ಬೆಳಿಗ್ಗೆ ಮಕ್ಕಳೂ ಪೋಷಕರೂ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಆಮೇಲೆ ಎಲ್ಲರೂ ಮಹಡಿಗೆ ಹೋಗುತ್ತಾರೆ. ನಾವು ನಾಲ್ವರು ಬೇರೆಬೇರೆ ಕೋಣೆಯಲ್ಲಿ ಕೂತು, ಗಂಟೆ ಬಾರಿಸಿದಾಗ ಒಬ್ಬೊಬ್ಬರೇ ಆ ಕೋಣೆಗೆ ಹೋಗಿ ಬರುತ್ತೇವೆ. ಕಳ್ಳನಾದವನು ಉದ್ಧರಣೆ ತೆಗೆದುಕೊಂಡು ಡಬ್ಬಿ ಮುಚ್ಚಿ ಬರಬೇಕು. ಕೈಗವಸು ಹಾಕುವಂತಿಲ್ಲ, ಬಟ್ಟೆಯಲ್ಲಿ ಒರೆಸುವಂತಿಲ್ಲ. ಕೇಳಿದರೆ ಸುಳ್ಳು ಹೇಳಬಹುದು.

ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಗುತ್ತಿದ್ದಾಗ ದಾವಣಗೆರೆಯ ಒಂದು ಕುಟುಂಬ ಬಂದಿಳಿಯಿತು. ಅಂದೇ ಅವರ ತಂದೆಯ ತಿಥಿಯಂತೆ, ರೈಲು ತಡವಾಯಿತಂತೆ, ಮಧ್ಯಾಹ್ನ ಶ್ರಾದ್ಧ ಆಗಲೇಬೇಕಂತೆ. ಅಪ್ಪ ಇಲ್ಲ ಎನ್ನುವವರಲ್ಲ. ಗಂಗೆಯಲ್ಲಿ ಮುಳುಗಿ, ಮಡಿಪಂಚೆ ಉಟ್ಟು ಬಂದರು. ಮಡಿಯಲ್ಲಿದ್ದಾಗ ಅವರನ್ನು ಯಾರೂ ಮುಟ್ಟುವಂತಿಲ್ಲ. ಮೊಮ್ಮಕ್ಕಳಿಗೂ ಅಷ್ಟೇ, ಅಮ್ಮನಿಗೂ ಅಷ್ಟೇ. ಆಟಕ್ಕೆ ಅಡ್ಡಿಯಾದೀತೇ ಎಂದು ಅತ್ತಿಗೆ ಕೇಳಿದ್ದಕ್ಕೆ, "ನನ್ನ ಪಾಡಿಗೆ ನಾನು ಮೂಲೇಲಿ ಮಣೆ ಹಾಕ್ಕೊಂಡು ಕೂರ್ತೀನಿ, ನಿನ್ನ ಪಾಡಿಗೆ ನೀನು ನಡೆಸು" ಎಂದರು.

ಅಂಗಳ ತುಂಬಿತು. ಬರ್ಫಿಯ ಯಜಮಾನರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಗುಂಜಾಳ ಅಪ್ಪ ಒಳಗೆ ಬಾ ಎಂದರೂ ಬರದೆ ಬಾಗಿಲ ಹತ್ತಿರ ನಿಂತಿದ್ದ. ಡಬ್ಬಿ ಕೈಯಿಂದ ಕೈಗೆ ಸುತ್ತಿತು, ಎಲ್ಲರೂ ಮಹಡಿ ಹತ್ತಿದರು. ಗಂಟೆ ಬಾರಿಸಿದಾಗ ನಾವು ಒಬ್ಬೊಬ್ಬರಾಗಿ ಹೋಗಿ ಬಂದೆವು. ಆಮೇಲೆ ಮಕ್ಕಳು ದಡದಡ ಇಳಿದು ಬಂದು, ಕೈಗವಸು ಹಾಕಿಕೊಂಡು ಡಬ್ಬಿಯನ್ನು ಅಂಗಳದ ಮೇಜಿಗೆ ತಂದರು. ಮುಚ್ಚಳ ತೆರೆದರೆ ಉದ್ಧರಣೆ ಇಲ್ಲ. ಸರಿ, ಕುಂಚ ತೆಗೆದು ಮಸಿ ಸವರಿದರು.

ಏನೂ ಮೂಡಲಿಲ್ಲ.

ಇನ್ನೊಮ್ಮೆ ಸವರಿದರು. ಬಿಳಿ ಪುಡಿ ಹಾಕಿದರು. ಕಳ್ಳನ ಬೆರಳಚ್ಚು ಹೋಗಲಿ, ಬೆಳಿಗ್ಗೆ ಅದನ್ನು ಮುಟ್ಟಿದ ಅಷ್ಟು ಜನರಲ್ಲಿ ಒಬ್ಬರದೂ ಇಲ್ಲ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಬರ್ಫಿಯ ಯಜಮಾನರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಆ ನಗುವಿಗೆ ನಾನು ಅವರ ಚಹಾಕ್ಕೆ ಇನ್ನೆರಡು ಚಮಚ ಸಕ್ಕರೆ ಹಾಕಬೇಕೆಂದುಕೊಂಡೆ.

ಮಕ್ಕಳು ವಿಚಾರಣೆಗೆ ಇಳಿದರು. ಅವರು ಮಾತಾಡುವುದು ಹಿಂದಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಬುವಾಜೀ, ನೀವು ಕದ್ದಿರಾ?"

"ನನಗೆ ಕದಿಯೋದಕ್ಕೆ ಪುರುಸೊತ್ತು ಎಲ್ಲಿದೆ?"

ಅಣ್ಣ ಇಲ್ಲ ಎಂದ. ಅರ್ಜುನ ಇಲ್ಲ ಎಂದು ದೇವರಾಣೆ ಇಟ್ಟ. ಅಪ್ಪನ ಹತ್ತಿರ ಹೋದಾಗ ಮಕ್ಕಳು ದೂರ ನಿಂತು ಮೊದಲು ಕೈಮುಗಿದು, ಆಮೇಲೆ ಕೇಳಿದರು. "ಪಂಡಿತ್ ಜೀ, ನೀವು ಡಬ್ಬಿ ಒರೆಸಿದಿರಾ?"

"ಇಲ್ಲ."

"ನೀವು ಕದ್ದಿರಾ?"

"ಕಳ್ಳ ಆದವನೂ ಇಲ್ಲ ಅಂತಾನೆ, ಅಲ್ಲದವನೂ ಇಲ್ಲ ಅಂತಾನೆ. ಈ ಪ್ರಶ್ನೆ ಕೇಳಿ ನಿಮಗೇನು ಲಾಭ ಮಕ್ಕಳೇ?" ಎಂದರು ಅಪ್ಪ. ಇದೇನೋ ಭಾರಿ ವೇದಾಂತ ಎಂದುಕೊಂಡು ಮಕ್ಕಳು ಮತ್ತೊಮ್ಮೆ ಕೈಮುಗಿದು ಹಿಂದಿರುಗಿದರು.

ಅಷ್ಟರಲ್ಲಿ ಗುಂಜಾ ಡಬ್ಬಿಯನ್ನು ಎತ್ತಿಕೊಂಡಿದ್ದಳು. ಮೂಗಿಗೆ ಹಿಡಿದಳು. ಭೂತಗನ್ನಡಿಯಿಂದ ಮುಚ್ಚಳದ ಕೀಲನ್ನು ನೋಡಿದಳು. ಚಿಮುಟದಲ್ಲಿ ಅಲ್ಲಿಂದ ಒಂದು ಕಂದು ನಾರನ್ನು ಎಳೆದು ಬಿಳಿ ಕಾಗದದ ಮೇಲಿಟ್ಟಳು.

"ಹುಣಸೆಹಣ್ಣಿಂದು" ಎಂದಳು. "ಯಾರೂ ಒರೆಸಿಲ್ಲ. ತೊಳೆದಿದ್ದಾರೆ."

ಆ ಕೋಣೆಯ ಮೂಲೆಯಲ್ಲಿ ನಲ್ಲಿಯಿದೆ, ಪೂಜೆಯ ಪಾತ್ರೆ ಬೆಳಗಲು ತೆಂಗಿನ ಚಿಪ್ಪಿನಲ್ಲಿ ಹುಣಸೆಹಣ್ಣು ಸದಾ ಇರುತ್ತದೆ. ಮಕ್ಕಳು ಓಡಿ ನೋಡಿದರು. ನಲ್ಲಿಯ ಕೆಳಗೆ ನೆಲ ಒದ್ದೆ. ಅಂಗಳದಲ್ಲಿ ನಗು ಎದ್ದಿತು. ಕದಿಯಲು ಹೋದವನು ಕೂತು ಪಾತ್ರೆ ಬೆಳಗುತ್ತಾನೆಯೇ! ಆದರೆ ಮಕ್ಕಳಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು? ಅರ್ಜುನ. ಎಲ್ಲರೂ ಒಟ್ಟಿಗೆ ಅವನ ಕಡೆ ಬೆರಳು ತೋರಿಸಿದರು.

"ಅಯ್ಯೋ ನಿಮ್ಮ ಮನೆ ಕಾಯ! ಪೂಜೆ ಪಾತ್ರೆ ಮುಟ್ಟೋಕೆ ನನ್ನನ್ನ ಮಾತಾಜೀ ಯಾವತ್ತು ಬಿಟ್ಟಿದ್ದಾರೆ?" ಎಂದು ಅರ್ಜುನ ಅರ್ಧ ಕನ್ನಡದಲ್ಲಿ, ಅರ್ಧ ಹಿಂದಿಯಲ್ಲಿ ಕೂಗಿದ. ಆಟ ಎಂಬುದು ಅವನಿಗೆ ಮರೆತೇಹೋಗಿತ್ತು. ಅಷ್ಟು ಜನ ಒಟ್ಟಿಗೆ ಬೆರಳು ತೋರಿಸಿದರೆ ಯಾರಿಗಾದರೂ ಮರೆಯುತ್ತದೆ.

ಗುರುಪ್ರಕಾಶರು ಎದ್ದು ನಿಂತರು. "ಹಾಗಾದರೆ ಮಕ್ಕಳ ಉತ್ತರ ಅರ್ಜುನ. ಇದೇ ಕೊನೆಯ ಮಾತೇ?"

ಹೌದು ಹೌದು ಎಂದು ಮಕ್ಕಳು ಕೂಗಿದರು. ಗುಂಜಾ ಒಬ್ಬಳು ಕೂಗಲಿಲ್ಲ. ಅವಳು ಕಾಗದದ ಮೇಲಿನ ನಾರನ್ನೇ ನೋಡುತ್ತಿದ್ದಳು. ಒಮ್ಮೆ ತಲೆಯೆತ್ತಿ ಬಾಗಿಲಲ್ಲಿದ್ದ ತನ್ನಪ್ಪನನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು. ಕಿವಿ ಕೆಂಪಾಗಿತ್ತು. ಈ ಹುಡುಗಿಗೆ ಗೊತ್ತಾಗಿದೆ, ಗೊತ್ತಾದದ್ದನ್ನು ನುಂಗುತ್ತಿದ್ದಾಳೆ ಎಂದು ನನಗೇ ಕಂಡಿತು. ಅತ್ತಿಗೆಗೆ ಕಾಣದೆ ಇರುತ್ತದೆಯೇ?

ಅತ್ತಿಗೆಗೂ ಕಳ್ಳ ಯಾರೆಂದು ಅಷ್ಟು ಹೊತ್ತಿಗೆ ಹೊಳೆದಿರಬೇಕು. ಒಂದು ಸನ್ನೆ ಸಾಕಿತ್ತು, ತರಗತಿ ಉಳಿಯುತ್ತಿತ್ತು. ಅವಳು ಮಾಡಲಿಲ್ಲ. ಗುಂಜಾಳ ಮುಂದೆ ಹೋಗಿ ಕೂತು ಮೆಲ್ಲಗೆ ಕೇಳಿದಳು: "ನೀನು ನೋಡಿದ್ದನ್ನ ನೀನೇ ಹೇಳ್ಬೇಕು ಗುಂಜಾ. ಆ ನಾರಿಗೆ ಬಾಯಿಲ್ಲ. ನಿನಗೆ ಹೇಳೋಕೆ ಇಷ್ಟ ಇಲ್ಲದಿದ್ರೆ ನಾನು ಬಲವಂತ ಮಾಡಲ್ಲ. ಆದ್ರೆ ಅರ್ಜುನ್ ಭಯ್ಯಾ ಕಳ್ಳ ಅಂತ ಬರೆದುಕೊಳ್ತಾರೆ."

ಗುಂಜಾ ಅರ್ಜುನನ ಕಡೆ ನೋಡಿದಳು. ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

"ಅರ್ಜುನ್ ಭಯ್ಯಾ ಊಟ ಆದ ಮೇಲೆ ತೊಳೀತಾರೆ" ಎಂದು ಶುರುಮಾಡಿದಳು. "ಇದು ಮುಟ್ಟೋದಕ್ಕೆ ಮುಂಚೆ ತೊಳೆದಿರೋದು. ಗುರುತು ಅಳಿಸೋಕೆ ಅಲ್ಲ. ನಾವೆಲ್ಲ ಮುಟ್ಟಿದ್ವಲ್ಲ, ಅದಕ್ಕೆ. ತೊಳೆದು, ಒದ್ದೆ ಕೈಯಲ್ಲೇ ತೆಗೆದಿದ್ದಾರೆ. ಅದಕ್ಕೇ ಬೆರಳು ಮೂಡಿಲ್ಲ." ಕೈಯಲ್ಲಿದ್ದ ಚಿಮುಟವನ್ನು ಮೇಜಿನ ಮೇಲಿಟ್ಟಳು. "ದಿನಾ ಬೆಳಿಗ್ಗೆ ದೋಣಿ ಹಲಗೆಗೆ ನಾನೇ ನೀರು ಹಾಕ್ತೀನಿ. ನೀರು ಹಾಕಿದ ಮೇಲೇ ಅವರು ಕೂರೋದು."

"ಗುಂಜಾ!" ಎಂದು ಬಾಗಿಲಿಂದ ಅವಳ ಅಪ್ಪ ಗದರಿದ. ಮಗಳು ಯಾರ ಮನೆಯ ಅಂಗಳದಲ್ಲಿ ನಿಂತು ಯಾರನ್ನು ಏನೆನ್ನಲು ಹೊರಟಿದ್ದಾಳೆಂದು ಅವನಿಗೆ ಆಗ ಅರ್ಥವಾಗಿತ್ತು.

ಹುಡುಗಿ ಬಾಗಿಲ ಕಡೆ ನೋಡಿದಳು. ಆದರೂ ಮೂಲೆಯ ಮಣೆಯ ಕಡೆ ತಿರುಗಿ, ಕೈಮುಗಿದುಕೊಂಡೇ, ಅಳುವ ದನಿಯಲ್ಲಿ ಹೇಳಿದಳು: "ಚೋರ್ ಆಪ್ ಹೈಂ, ಬಾಬಾ."

ಕಳ್ಳ ನೀವೇ ಎಂದುಬಿಟ್ಟಳು! ಎಲ್ಲರೂ ಅಪ್ಪನನ್ನು ನೋಡಿದೆವು. ಅವರು ಮೆಲ್ಲಗೆ ಸೊಂಟಕ್ಕೆ ಕೈಹಾಕಿ, ಪಂಚೆಯ ಮಡಿಕೆಯಿಂದ ಬೆಳ್ಳಿಯ ಉದ್ಧರಣೆಯನ್ನು ತೆಗೆದು ಮುಂದೆ ಇಟ್ಟರು. ಬೆಳ್ಳಿಗೆ ಮೈಲಿಗೆಯಿಲ್ಲ, ಅದನ್ನು ಹಾಗೇ ಮುಟ್ಟಬಹುದು. ಹಿತ್ತಾಳೆಯನ್ನು ತೊಳೆಯದೆ ಮುಟ್ಟುವುದು ಹೇಗೆ? ಕಳ್ಳತನ ಮಾಡುವಾಗಲೂ ಅವರಿಗೆ ಅದು ಬಿಡಲಿಲ್ಲ.

"ಒರೆಸಬಾರದು ಅಂದಿದ್ರಿ, ಒರೆಸಲಿಲ್ಲ" ಎಂದರು ಅಪ್ಪ, ತಪ್ಪು ಮಾಡಿದ ಮಗುವಿನ ಹಾಗೆ. "ಕೈ ತನ್ನಷ್ಟಕ್ಕೆ ನಲ್ಲಿ ಹತ್ರ ಹೋಯ್ತಮ್ಮ, ನನಗೆ ಗೊತ್ತೇ ಆಗಲಿಲ್ಲ."

ಅರ್ಜುನ ಮೊದಲು ನಕ್ಕ, ಆಮೇಲೆ ಅಂಗಳವೆಲ್ಲ ನಕ್ಕಿತು. ಮಕ್ಕಳು ಗುಂಜಾಳನ್ನು ಹಿಡಿದು ಕುಣಿದರು. ಅವಳು ಮಾತ್ರ ಇನ್ನೂ ನಮ್ಮ ಅಪ್ಪನ ಕಡೆ ನೋಡಲು ಹೆದರುತ್ತಿದ್ದಳು. ಗುರುಪ್ರಕಾಶರು ಅತ್ತಿಗೆಗೆ, ತರಗತಿ ನಡೆಯಲಿ ಮೇಡಂ, ಬರುವ ವರ್ಷ ಏಳನೆಯವರನ್ನೂ ಸೇರಿಸಿಕೊಳ್ಳಿ ಎಂದರು. ಬರ್ಫಿಯ ಯಜಮಾನರೂ ಚಪ್ಪಾಳೆ ತಟ್ಟಿದರು. ಪಾಪ, ನಾನು ಅವರಿಗೆ ಸಕ್ಕರೆಯಿಲ್ಲದ ಚಹಾವನ್ನೇ ಕೊಟ್ಟೆ.

ಒಂದು ಕೆಲಸ ಬಾಕಿಯಿತ್ತು. ಶನಿವಾರದ ತರಗತಿಯ ಪದ್ಧತಿ ಏನೆಂದರೆ, ಕಳ್ಳನನ್ನು ಹಿಡಿದವರು ಅವನ ಹತ್ತೂ ಬೆರಳನ್ನು ಒಂದೊಂದಾಗಿ ಹಿಡಿದು, ಶಾಯಿಗೆ ಅದ್ದಿ, ಕಾಗದದ ಮೇಲೆ ಹೊರಳಿಸಿ ಅಚ್ಚು ತೆಗೆಯಬೇಕು. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟದ ಭಾಗ ಅದು. ಅಭ್ಯಾಸಬಲದಿಂದ ಯಾರೋ ಶಾಯಿಯ ಪ್ಯಾಡನ್ನು ಗುಂಜಾಳ ಕೈಗೆ ಕೊಟ್ಟೇಬಿಟ್ಟರು. ಅವಳು ಅದನ್ನು ಹಿಡಿದು ನಿಂತಲ್ಲೇ ನಿಂತಳು.

"ಪಂಡಿತ್ ಜೀಯವರದು ಬೇಡ ಬಿಡಿ" ಎಂದರು ಗುರುಪ್ರಕಾಶರು.

"ಮಡೀಲಿದ್ದಾರೆ, ಮುಟ್ಟಬೇಡಿ ಯಾರೂ!" ಎಂದು ಅಮ್ಮ ಒಳಗಿಂದ ಕೂಗಿದಳು.

ಅತ್ತಿಗೆ ಮುಂದೆ ಬಂದು ಗುಂಜಾಳ ಕೈಯಿಂದ ಪ್ಯಾಡನ್ನು ತೆಗೆದುಕೊಳ್ಳಲು ಹೋದಳು. ಹುಡುಗಿ ಪ್ಯಾಡನ್ನು ಬಿಡಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಗೆದ್ದವಳು ಅವಳು. ಬೇರೆ ಯಾರು ಗೆದ್ದಿದ್ದರೂ, ಬೇರೆ ಯಾರು ಕಳ್ಳನಾಗಿದ್ದರೂ ಹೀಗೆ ಆಗುತ್ತಿರಲಿಲ್ಲ.

ಅಪ್ಪ ಮಣೆಯಿಂದ ಎದ್ದರು. ಅಂಗಳದ ನಡುವೆ ಬಂದು ಮೇಜಿನ ಮುಂದಿನ ಕುರ್ಚಿಯಲ್ಲಿ, ಅಷ್ಟು ಜನ ಕೂತು ಎದ್ದ ಕುರ್ಚಿಯಲ್ಲಿ, ಕೂತರು.

"ಕಳ್ಳನಿಗೆ ಎಂಥ ಮಡಿಯೇ?" ಎಂದು ಅಮ್ಮನಿಗೆ ಹೇಳಿ, ಬಲಗೈಯನ್ನು ಗುಂಜಾಳ ಮುಂದೆ ಚಾಚಿದರು. "ಹಿಡಿ ಬೇಟಿ. ನಿನ್ನ ಮೇಡಂ ಹೇಗೆ ಹೇಳಿಕೊಟ್ಟಿದ್ದಾಳೋ ಹಾಗೇ ಮಾಡು. ಒಂದು ಬೆರಳೂ ಬಿಡಬಾರದು."

ಗುಂಜಾ ತನ್ನ ಕೈಯನ್ನು ಫ್ರಾಕಿಗೆ ಎರಡು ಸಲ ಒರೆಸಿಕೊಂಡಳು. ಆಮೇಲೆ ಅಪ್ಪನ ಹೆಬ್ಬೆರಳನ್ನು ಹಿಡಿದಳು. ಅಪ್ಪ ಬೆರಳನ್ನು ಒತ್ತಿಬಿಟ್ಟರು, ಮೊದಲ ಅಚ್ಚು ಕಲಸಿಹೋಯಿತು. "ಬಾಬಾ, ನೀವು ಒತ್ತಬೇಡಿ, ಬೆರಳು ಸಡಿಲ ಬಿಡಿ, ನಾನೇ ಹೊರಳಿಸ್ತೀನಿ" ಎಂದಳು. ದನಿಯಲ್ಲಿ ಈಗ ಅಳುವಿರಲಿಲ್ಲ. ಅಪ್ಪ ಸಡಿಲ ಬಿಟ್ಟರು. ಎರಡನೆಯ ಸಲ ಗೆರೆಗಳೆಲ್ಲ ಸ್ಪಷ್ಟವಾಗಿ ಬಂದವು. ಬಾಗಿಲಲ್ಲಿದ್ದ ದೋಣಿಯವನು ಯಾವಾಗ ಒಳಗೆ ಬಂದನೋ, ಮಗಳ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದ. ಅತ್ತಿಗೆ ಕಂಬ ಹಿಡಿದುಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾನೂ ಅತ್ತೆ. ನಾನು ಅಷ್ಟು ಸುಲಭಕ್ಕೆ ಅಳುವವಳಲ್ಲ.

ಅಪ್ಪ ಮತ್ತೆ ಗಂಗೆಗೆ ಹೋಗಿ ಮುಳುಗಿ ಬಂದರು. ದಾವಣಗೆರೆಯವರ ಶ್ರಾದ್ಧಕ್ಕೆ ಹೊತ್ತಾಗಿತ್ತು. ಮಡಿಯೇನೋ ಬಂತು, ಶಾಯಿ ಹೋಗಲಿಲ್ಲ. ಹುಣಸೆಹಣ್ಣು ತಿಕ್ಕಿದರೂ ಜಗ್ಗಲಿಲ್ಲ. ನಾನು ತುಳಸಿ, ದರ್ಭೆಯ ಬುಟ್ಟಿ ತಂದಿಡುವಾಗ ಅವರು ಹತ್ತೂ ಬೆರಳು ಕಪ್ಪಾಗಿರುವಾಗಲೇ ದರ್ಭೆಯ ಪವಿತ್ರದುಂಗುರ ತೊಟ್ಟು ಕೂತಿದ್ದರು. ಕರ್ತೃವಾಗಿ ಕೂತಿದ್ದ ಯಾತ್ರಿಕರು ಆ ಬೆರಳುಗಳನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

"ಶಾಸ್ತ್ರಿಗಳೇ, ಕೈಗೆ ಏನಾಯ್ತು?"

"ಬೆಳಿಗ್ಗೆ ಒಂದು ಕಳ್ಳತನ ಮಾಡಿದ್ದೆ" ಎಂದರು ಅಪ್ಪ. "ನಮ್ಮ ಸೊಸೆ ಪಾಠ ಹೇಳಿಕೊಟ್ಟ ಹುಡುಗಿ ಹಿಡಿದುಬಿಟ್ಟಳು. ಬಹಳ ಚೆನ್ನಾಗಿ ಹೇಳಿಕೊಡ್ತಾಳೆ ನಮ್ಮ ಸೊಸೆ. ಹ್ಞೂಂ, ನೀವು ಕೈ ಮುಂದೆ ಮಾಡಿ, ನೀರು ಬಿಡಿ."